ಕುವೈತಿನಲ್ಲಿ ಭಾವ ಹುಡುಕಿದ ಹಳ್ಳ

ನಮ್ಮ ಭಾವನವರ ತಲೆ ನೆಟ್ಟಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಓದುತ್ತಾ ಹೋದ ಹಾಗೆ ನಿಮಗೆ ಅನುಮಾನ ಬಂದೇ ಬರುತ್ತದೆ. ಒಂದು ನದಿಯಿಲ್ಲದ, ಒಂದು ತೊರೆಯಿಲ್ಲದ, ಸಮುದ್ರದ ಉಪ್ಪುನೀರನ್ನೇ ಸಿಹಿ ಮಾಡಿಕೊಂಡು ಕುಡಿಯುವ ಕುವೈತಿನಲ್ಲಿ, ಮೂರು ತಿಂಗಳ ಕಾಲ ಪ್ರತಿ ಶುಕ್ರವಾರ ಬೆಳಿಗ್ಗೆ ತಲೆಗೆ ಟೋಪಿ, ಕಾಲಿಗೆ ಗಮ್‌ಬೂಟು ಹಾಕಿಕೊಂಡು ಹಳ್ಳ ಹುಡುಕಲು ಹೊರಡುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಕಾರಿನ ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮಂಡ್ಯದ ಕಡೆಯವರು. ಶುವೈಖ್‌ನ ಗೋದಾಮು, ಗ್ಯಾರೇಜುಗಳ ಸಾಲಿನಲ್ಲಿರುವ ಪಂಪು ಮತ್ತು ವಾಲ್ವುಗಳ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಜಿನಿಯರು. ನಾನು ಫಹಾಹೀಲಿನ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವವಳು. ನನ್ನ ರಕ್ತವನ್ನು ತೆಗೆಯುವ ಕೆಲಸ ಭಾವನವರದು.

ಅವರ ಹಠದ ಬಗ್ಗೆ ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಬಾಲ್ಕನಿಯಲ್ಲಿ ಕರಿಬೇವು ಬೆಳೆಯಬೇಕೆಂದು ಒಮ್ಮೆ ಅವರ ತಲೆಗೆ ಹೊಕ್ಕಿತು. ಇಲ್ಲಿಯ ಜುಲೈ ಬಿಸಿಲಿಗೆ ಬಾಲ್ಕನಿಯಲ್ಲಿಟ್ಟ ಪ್ಲಾಸ್ಟಿಕ್ ಕುರ್ಚಿಯೇ ಸೊಟ್ಟಗಾಗುತ್ತದೆ, ಇನ್ನು ಕರಿಬೇವು ಯಾವ ಲೆಕ್ಕ? ಒಂದು ಗಿಡ ಸತ್ತಿತು. ಇನ್ನೊಂದು ತಂದರು. ಅದೂ ಸತ್ತಿತು. ಗಿಡಕ್ಕೆ ಕೊಡೆ ಹಿಡಿದರು, ಒದ್ದೆ ಬಟ್ಟೆ ಸುತ್ತಿದರು, ಅಡುಗೆಮನೆಯ ಟೇಬಲ್ ಫ್ಯಾನನ್ನು ಒಯ್ದು ಅದರ ಮುಂದಿಟ್ಟರು. ಏಳು ಗಿಡ ಸತ್ತವು. ಎಂಟನೆಯದು ಸಾಯಲು ಹೆದರಿ ಬದುಕಿಕೊಂಡಿತು!

ಇಂಥವರಿಗೆ ಹಳ್ಳದ ಹುಚ್ಚು ಹತ್ತಿದ್ದು ಹೇಗೆ ಎಂದು ಹೇಳಬೇಕಾದರೆ ಮೊದಲು ಅವರ ಹೆಸರಿನ ಕಷ್ಟ ಹೇಳಬೇಕು. ನಮ್ಮ ಹಳೇ ಮೈಸೂರಿನ ಕಡೆಯವರಿಗೆ ಸರ್‌ನೇಮು ಎಂಬುದಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಅಲ್ಲಿಗೆ ಮುಗಿಯಿತು. ಆದರೆ ಪಾಸ್‌ಪೋರ್ಟಿನ ಫಾರ್ಮಿನಲ್ಲಿ ಅದಕ್ಕೊಂದು ಖಾಲಿ ಜಾಗ ಇಟ್ಟಿರುತ್ತಾರಲ್ಲ? ಖಾಲಿ ಜಾಗ ಕಂಡರೆ ತುಂಬದೆ ಬಿಡುವ ಏಜೆಂಟು ಭೂಮಿಯ ಮೇಲೆ ಹುಟ್ಟಿಲ್ಲ. ಭಾವನ ಫಾರ್ಮಿನಲ್ಲಿ ಅವನು ಭಾವನ ಅಪ್ಪನ ಹೆಸರನ್ನು ತುಂಬಿದ. ಪುಟ್ಟಸ್ವಾಮಿ.

ಕುವೈತಿನ ಆಫೀಸಿನಲ್ಲಿ ಮೊದಲ ದಿನ ಮ್ಯಾನೇಜರು "ಮಿಸ್ಟರ್ ಪುಟ್ಟಸ್ವಾಮಿ!" ಎಂದು ಕೂಗಿದಾಗ ಭಾವ ಕುರ್ಚಿಯಿಂದ ದಡಬಡಿಸಿ ಎದ್ದು ಬಾಗಿಲ ಕಡೆ ನೋಡಿದರಂತೆ, ಅಪ್ಪ ಬಂದುಬಿಟ್ಟರೇನೋ ಎಂದು. ಅಂದಿನಿಂದ ಇಂದಿನವರೆಗೆ ಅಲ್ಲಿ ಭಾವನ ಸ್ವಂತ ಹೆಸರು ಯಾರಿಗೂ ಗೊತ್ತಿಲ್ಲ. ಸಂಬಳದ ಚೀಟಿಯಲ್ಲಿ ಪುಟ್ಟಸ್ವಾಮಿ, ಬಾಗಿಲಿನ ಬೋರ್ಡಿನ ಮೇಲೆ ಪುಟ್ಟಸ್ವಾಮಿ, ಹುಟ್ಟುಹಬ್ಬದ ಕೇಕಿನ ಮೇಲೂ ಪುಟ್ಟಸ್ವಾಮಿ! ನಿಜವಾದ ಪುಟ್ಟಸ್ವಾಮಿಯವರು, ಪಾಪ, ವಿಮಾನವನ್ನು ಕತ್ತೆತ್ತಿ ನೋಡಿದವರೇ ಹೊರತು ಹತ್ತಿದವರಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಶುವೈಖ್‌ನ ಗೋಡೆಯ ಮೇಲೆ ಅವರ ಹೆಸರಿನಲ್ಲಿ 'ವರ್ಷದ ಉತ್ತಮ ಉದ್ಯೋಗಿ' ಎಂಬ ಫಲಕ ಬಂತು.

"ನಿಮಗೆ ಬೇಜಾರಾಗಲ್ವಾ ಭಾವ?" ಎಂದು ಕೇಳಿದ್ದೆ.

"ಬಿಡಮ್ಮ, ನಮ್ಮಪ್ಪ ಇಷ್ಟು ವರ್ಷದಿಂದ ಇಲ್ಲಿ ದುಡೀತಾವ್ರೆ. ಒಂದು ಫಲಕಾನಾದ್ರೂ ಬೇಡ್ವಾ?" ಎಂದರು.

ಹೀಗೆ ಅಪ್ಪನನ್ನು ಹೊತ್ತುಕೊಂಡು ಸುಖವಾಗಿದ್ದ ಭಾವನ ಬಾಳಿನಲ್ಲಿ ಮಿಸ್ಟರ್ ಬ್ರೂಕ್ಸ್ ಬಂದರು. ವಾಲ್ವುಗಳ ತಪಾಸಣೆಗೆಂದು ಆರು ತಿಂಗಳ ಮಟ್ಟಿಗೆ ಇಂಗ್ಲೆಂಡಿನಿಂದ ಬಂದಿದ್ದ ಮನುಷ್ಯ. ಒಂದು ದಿನ ಟೀ ಕುಡಿಯುತ್ತಾ ಭಾವ ತಮ್ಮ ಹೆಸರಿನ ರಾಮಾಯಣ ಹೇಳಿ, "ಅದಿರಲಿ, ಬ್ರೂಕ್ಸ್ ಅನ್ನೋದು ನಿಮ್ಮ ಅಪ್ಪನ ಹೆಸರೋ, ತಾತನ ಹೆಸರೋ?" ಎಂದು ವಿಚಾರಿಸಿದರು. ಬ್ರೂಕ್ಸ್ ನಗುತ್ತಾ ವಿವರಿಸಿದರಂತೆ. ಅವರ ಭಾಷೆಯಲ್ಲಿ ಬ್ರೂಕ್ ಎಂದರೆ ಸಣ್ಣ ಹಳ್ಳ. ನೂರಾರು ವರ್ಷಗಳ ಹಿಂದೆ ಒಂದೇ ಊರಿನಲ್ಲಿ ಹತ್ತು ಜನ ಜಾನ್‌ಗಳಿದ್ದರೆ ಹಳ್ಳದ ಪಕ್ಕ ಮನೆ ಇದ್ದವನನ್ನು 'ಹಳ್ಳದ ಜಾನ್' ಎಂದು ಗುರುತಿಸುತ್ತಿದ್ದರು. ಜಾನ್ ಸತ್ತ, ಮಕ್ಕಳು ಊರು ಬಿಟ್ಟರು, ಹಳ್ಳ ಮಾತ್ರ ಹೆಸರಿನ ಹಿಂದೆ ಉಳಿದುಕೊಂಡಿತು.

ಭಾವ ಟೀ ಲೋಟವನ್ನು ಕೆಳಗಿಟ್ಟರು. "ಯಾವ ಹಳ್ಳ?"

"ಅದು ಗೊತ್ತಿಲ್ಲ," ಎಂದರು ಬ್ರೂಕ್ಸ್.

"ಗೊತ್ತಿಲ್ವಾ!"

ಅವತ್ತು ಸಂಜೆ ನಮ್ಮ ಮನೆಗೆ ಬಂದ ಭಾವ ಕುರ್ಚಿಯ ಮೇಲೆ ಕೂರಲೂ ಇಲ್ಲ. "ಅಲ್ಲಾ ಕಣಮ್ಮ, ಮನುಷ್ಯ ಒಂದು ಹಳ್ಳಾನೇ ಹೆಸರಲ್ಲಿ ಇಟ್ಕೊಂಡು ಕುವೈತಿನವರೆಗೂ ಬಂದವ್ನೆ, ಯಾವ ಹಳ್ಳ ಅಂತ ಒಂದು ದಿನಾನಾದ್ರೂ ಹೋಗಿ ನೋಡ್ಬೇಡ್ವಾ? ಎಂಥಾ ಬೇಜವಾಬ್ದಾರಿ!" ಎಂದು ಅಡುಗೆಮನೆಗೂ ಹಾಲಿಗೂ ನಡುವೆ ಓಡಾಡಿದರು.

ಆಮೇಲೆ ಶುರುವಾಯಿತು ನೋಡಿ ಸಂಶೋಧನೆ! ಬೆಕ್ ಎಂದರೆ ಇಂಗ್ಲೆಂಡಿನ ಉತ್ತರದವರ ಹಳ್ಳ. ಬರ್ನ್ ಎಂದರೆ ಸ್ಕಾಟ್ಲೆಂಡಿನವರ ಹಳ್ಳ. ಬೋರ್ನ್ ಎಂದರೆ ದಕ್ಷಿಣದವರ ಹಳ್ಳ. ಬ್ಲ್ಯಾಕ್‌ಬರ್ನ್ ಎಂದರೆ ಕಪ್ಪು ನೀರಿನ ಹಳ್ಳ, ಹೋಲ್‌ಬ್ರೂಕ್ ಎಂದರೆ ತಗ್ಗಿನಲ್ಲಿ ಹರಿಯುವ ಹಳ್ಳ. ಬೈವಾಟರ್ ಎಂದರೆ ನೀರಿನ ಪಕ್ಕದವನು. ಭಾವನ ಬಾಯಲ್ಲಿ ಬೇರೆ ಮಾತೇ ಇಲ್ಲ. ಟೀವಿಯಲ್ಲಿ ಕ್ರಿಕೆಟ್ ನೋಡುತ್ತಾ ಕೂತರೆ ಇಂಗ್ಲೆಂಡಿನವರು ಎಷ್ಟು ರನ್ ಹೊಡೆದರೆಂದು ಕೇಳುತ್ತಿರಲಿಲ್ಲ, ಆ ಹನ್ನೊಂದು ಜನರಲ್ಲಿ ಹಳ್ಳದವರು ಎಷ್ಟು ಜನ ಎಂದು ಎಣಿಸುತ್ತಿದ್ದರು.

ಅಕ್ಕನ ಮಗಳು ಪೂರ್ವಿಯ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಅವಳ ಫಿಸಿಕ್ಸ್ ಟೀಚರ್ ಒಬ್ಬ ಇಂಗ್ಲಿಷ್ ಹೆಣ್ಣುಮಗಳು, ಮಿಸ್ ಸೈಕ್ಸ್. ಅವರು ಪೂರ್ವಿಯ ಮಾರ್ಕ್ಸ್ ಹಾಳೆ ಬಿಡಿಸಿ ಇನ್ನೇನು ಬಾಯಿ ತೆರೆಯಬೇಕು, ಭಾವ ಮುಂದಕ್ಕೆ ಬಾಗಿ, "ಮೇಡಂ, ನಿಮ್ಮ ಹೆಸರಿನ ಅರ್ಥ ಎರಡು ಹೊಲದ ನಡುವಿನ ಸಣ್ಣ ಕೆಸರು ಕಾಲುವೆ ಎಂದು. ನಿಮಗೆ ಗೊತ್ತೇ?" ಎಂದು ಶುದ್ಧ ಇಂಗ್ಲಿಷಿನಲ್ಲಿ ಕೇಳಿಬಿಟ್ಟರು. ಮೇಡಂ ಮುಖ ಕೆಂಪಾಯಿತು. ಅಕ್ಕ ಮೇಜಿನ ಕೆಳಗೆ ಭಾವನ ತೊಡೆ ಚಿವುಟಿದಳು. ಭಾವ "ಯಾಕೇ ಚಿವುಟ್ತೀಯ?" ಎಂದು ಗಟ್ಟಿಯಾಗಿ ಕೇಳಿದರು. ಪೂರ್ವಿ ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಳು. ಟೀಚರು ಮಾತ್ರ ಒಳ್ಳೆಯವರು. ವರದಿಯಲ್ಲಿ 'ತಂದೆಗೆ ಚರಂಡಿ ವ್ಯವಸ್ಥೆಯ ಬಗ್ಗೆ ವಿಶೇಷ ಆಸಕ್ತಿ' ಎಂದಷ್ಟೇ ಬರೆದು ಕಳಿಸಿದರು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಹವ್ಯಾಸ ಎಂದು ನಾವೂ ಸುಮ್ಮನಾಗುತ್ತಿದ್ದೆವು. ಆದರೆ ಅದೇ ಹೊತ್ತಿಗೆ ಪೂರ್ವಿಯ ಪಾಸ್‌ಪೋರ್ಟಿನ ವಿಷಯ ಬಂತು.

ಪೂರ್ವಿ ಹುಟ್ಟಿದ್ದು ಕುವೈತಿನಲ್ಲಿ. ಅವಳಿಗೆ ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ, ತಾನು ಪಟ್ಟ ಪಾಡು ಮಗಳಿಗೆ ಬೇಡವೆಂದು ಭಾವ ಸರ್‌ನೇಮಿನ ಜಾಗವನ್ನು ಹಟದಿಂದ ಖಾಲಿ ಬಿಡಿಸಿದ್ದರು. ಆದರೆ ಶಾಲೆಯ ಕಂಪ್ಯೂಟರಿಗೆ ಖಾಲಿ ಜಾಗ ಆಗಿಬರಬೇಕಲ್ಲ? ಅದು ಇದ್ದ ಒಂದೇ ಹೆಸರನ್ನು ಎರಡು ಸಲ ಬರೆದುಕೊಂಡಿತು. ಹದಿಮೂರು ವರ್ಷ ನಮ್ಮ ಹುಡುಗಿ 'ಪೂರ್ವಿ ಪೂರ್ವಿ' ಎಂಬ ಹೆಸರಿನಲ್ಲಿ ಓದಿದಳು. ಈಗ ಅವಳಿಗೆ ಹದಿನೆಂಟು ತುಂಬುತ್ತಿತ್ತು. ಸ್ಕಾಟ್ಲೆಂಡಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಪಾಸ್‌ಪೋರ್ಟ್ ಹೊಸದಾಗಬೇಕು, ಅದರಲ್ಲಿ ಸರ್‌ನೇಮು ಇರಲೇಬೇಕು, ಫೆಬ್ರವರಿ ಮುಗಿಯುವುದರೊಳಗೆ ಆ ಹೆಸರನ್ನು ಕಳಿಸದಿದ್ದರೆ ಸೀಟು ಬೇರೆಯವರಿಗೆ ಎಂದು ಕಾಲೇಜಿನವರು ಬರೆದಿದ್ದರು. ಫೆಬ್ರವರಿಯ ಕೊನೆಯ ಮಂಗಳವಾರಕ್ಕೆ ಪಾಸ್‌ಪೋರ್ಟ್ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಆಯಿತು. ಆಗಿನ್ನೂ ನವೆಂಬರ್ ಕೊನೆ.

"ರೀ, ನಿಮ್ಮ ಹೆಸರು ಹಾಕಿ ಮುಗಿಸ್ರೀ," ಎಂದಳು ಅಕ್ಕ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಯಾವ ಫಾರ್ಮನ್ನೂ ಎರಡು ನಿಮಿಷಕ್ಕಿಂತ ಹೆಚ್ಚು ಕೈಯಲ್ಲಿಟ್ಟುಕೊಳ್ಳುವುದಿಲ್ಲ.

"ಯಾವತ್ತಿಗೂ ಇಲ್ಲ," ಎಂದರು ಭಾವ. "ನಮ್ಮಪ್ಪನ್ನ ನಾನು ಹೊತ್ತಿದ್ದು ಸಾಕು. ನಾಳೆ ಆ ದೇಶದಲ್ಲಿ ಯಾರೋ ನನ್ನ ಹೆಸರು ಕೂಗ್ತಾರೆ, ಇವಳು ಎದ್ದು ನಿಲ್ತಾಳೆ. ಅವಳಿಗ್ಯಾಕೆ ನನ್ನ ಹೊರೆ? ಹೆಸರಿನ ಹಿಂದೆ ಒಂದು ಜಾಗ ಇರ್ಬೇಕು ಕಣೇ. ಬ್ರೂಕ್ಸ್‌ಗೆ ಇರೋ ಹಾಗೆ."

ನಾನು ಸಹಾಯಕ್ಕೆ ಹೋದೆ. ಭಾವನ ಅಪ್ಪ ನಾಲೆಯ ಮೇಲೆ ಸೌಡಿಯಾಗಿದ್ದವರು. ತೂಬು ತೆಗೆದು ಹಾಕಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ. "ಹಾಗಾದ್ರೆ ನಾಲೆ ಅಂತಾನೇ ಇಟ್ಬಿಡಿ ಭಾವ. ನೀರೂ ಆಯ್ತು, ಜಾಗಾನೂ ಆಯ್ತು," ಎಂದೆ.

"ಯಾವ ನಾಲೆ ಅಂತ ಇಡ್ಲಮ್ಮ? ಹನ್ನೊಂದು ತೂಬು ಕಾದವ್ರೆ ನಮ್ಮಪ್ಪ. ಹನ್ನೊಂದು ಕಡೆ ಸಾಮಾನು ಇಳಿಸಿ ಹತ್ತಿಸಿದ್ದೀವಿ. ನಾನು ಓದಿದ ಶಾಲೆಗಳ ಹೆಸರು ಹೇಳೋಕೆ ಬೆರಳು ಸಾಲಲ್ಲ. ಅದೂ ಅಲ್ದೆ ನಾಲೆ ಸರ್ಕಾರ ತೋಡಿದ್ದು. ತಾನಾಗಿ ಹರೀಬೇಕು, ಅದು ಹಳ್ಳ."

"ನಮ್ಮ ತವರು ಮನೆ ಮುಂದೆ ಬೀದಿ ನಲ್ಲಿ ಇತ್ತು," ಎಂದಳು ಅಕ್ಕ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. "ಅದೂ ತಾನಾಗೇ ಹರೀತಿತ್ತು. ನಿಲ್ಲಿಸೋಕೆ ತಿರುಪೇ ಇರ್ಲಿಲ್ಲ."

"ಅಪ್ಪಾ ಪ್ಲೀಸ್, ಇಟ್ಸ್ ಜಸ್ಟ್ ಅ ಫಾರ್ಮ್!" ಎಂದು ರೂಮಿನಿಂದ ಪೂರ್ವಿ ಕೂಗಿದಳು.

ಭಾವ ಎದ್ದು ನಿಂತರು. "ಪೂರ್ವಿ ಹುಟ್ಟಿದ್ದು ಇಲ್ಲಿ, ಬೆಳೆದಿದ್ದು ಇಲ್ಲಿ. ಅವಳ ಹಳ್ಳಾನೂ ಇಲ್ಲಿಯದೇ ಆಗ್ಬೇಕು. ಕುವೈತಲ್ಲಿ ಒಂದಾದ್ರೂ ಹಳ್ಳ ಇದ್ದೇ ಇರುತ್ತೆ. ಹುಡುಕ್ತೀನಿ. ಖಲಾಸ್!" ಎಂದರು. ಬಾಲ್ಕನಿಯ ಎಂಟನೇ ಕರಿಬೇವು ಗಡಗಡ ನಡುಗಿರಬೇಕು.

ಹುಡುಕಾಟಕ್ಕೆ ಮೊದಲೇ ಮನೆಯ ಬುಡದಲ್ಲೊಂದು ಅನಾಹುತವಾಯಿತು. ಭಾವನ ಮನೆ ಇರುವ ಕಟ್ಟಡದ ಕೆಳಗಿನ ಮಹಡಿಯಲ್ಲಿ ಮಂಗಳೂರಿನ ರಿಬೇರೊ ಅಂಕಲ್ ಇದ್ದಾರೆ. ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ. ಭಾವನಿಗೆ ಇಪ್ಪತ್ತು ವರ್ಷದ ಗೆಳೆಯ. ಒಂದು ಶುಕ್ರವಾರ ಅವರ ಮನೆಯಲ್ಲಿ ಬಂಗುಡೆ ಸಾರಿನ ಊಟ. ಭಾವ ತಮ್ಮ ಸರ್‌ನೇಮಿನ ಸಂಕಟ ತೋಡಿಕೊಂಡರು. "ನಮಗೆ ಆ ಕಷ್ಟ ಇಲ್ಲ ಮಾರಾಯ್ರೆ. ಪೋರ್ಚುಗೀಸರು ಬಂದು ರೆಡಿಮೇಡ್ ಕೊಟ್ಟು ಹೋಗಿದ್ದಾರೆ," ಎಂದು ರಿಬೇರೊ ಅಂಕಲ್ ನಕ್ಕರು. ಭಾವನಿಗೆ ಸುಮ್ಮನಿರಲಾಗುತ್ತದೆಯೇ? ಎಡಗೈಯಲ್ಲಿ ಫೋನು ಹಿಡಿದು ರಿಬೇರೊ ಎಂದರೇನೆಂದು ಹುಡುಕಿದರು. ಬಾಯಿಗೆ ಹೊರಟಿದ್ದ ತುತ್ತು ಅರ್ಧ ದಾರಿಯಲ್ಲೇ ನಿಂತಿತು. ಪೋರ್ಚುಗೀಸ್ ಭಾಷೆಯಲ್ಲಿ ರಿಬೇರೊ ಎಂದರೆ ಹಳ್ಳ!

"ಇಪ್ಪತ್ತು ವರ್ಷ!" ಎಂದರು ಭಾವ. "ಇಪ್ಪತ್ತು ವರ್ಷ ಜೊತೆಗೆ ಕೂತು ಉಂಡಿದ್ದೀರಿ, ನಾನೊಬ್ಬ ಹಳ್ಳ ಅಂತ ಒಂದು ಮಾತು ಹೇಳ್ಲಿಲ್ವಲ್ರೀ!"

"ನಂಗೆ ಎಂತ ಗೊತ್ತುಂಟು ಮಾರಾಯ್ರೆ? ನಮ್ಮ ಮನೆ ಇರುವುದು ಗುಡ್ಡೆಯ ತುದಿಯಲ್ಲಿ. ಅಲ್ಲಿ ಬಾವಿ ತೋಡಿದ್ರೂ ನೀರಿಲ್ಲ!" ಎಂದರು ಅಂಕಲ್. ಅವರ ಹೆಂಡತಿ ಮಾತ್ರ ಅವತ್ತಿನಿಂದ ಗಂಡನನ್ನು ಸ್ವಲ್ಪ ಗೌರವದಿಂದ ನೋಡುತ್ತಿದ್ದಾರೆಂದು ಕೇಳಿದ್ದೇನೆ.

ಡಿಸೆಂಬರಿನಿಂದ ಶುಕ್ರವಾರದ ಯಾತ್ರೆಗಳು ಶುರುವಾದವು. ಇಲ್ಲಿ ಚಳಿಗಾಲದಲ್ಲಿ ಜನ ಮರಳಿನಲ್ಲಿ ಡೇರೆ ಹಾಕಿ ಮಾಂಸ ಸುಡುತ್ತಾರೆ. ನಮ್ಮ ಭಾವ ಮರಳಿನಲ್ಲಿ ಕೂತು ಇಳಿಜಾರು ಅಳೆಯುತ್ತಿದ್ದರು. ಉಪಗ್ರಹದ ನಕ್ಷೆಯಲ್ಲಿ ಒಂದು ಗೆರೆ ಅಂಕುಡೊಂಕಾಗಿ ಕಂಡರೆ ಸಾಕು, "ಯಲ್ಲಾ, ಹತ್ತಿ ಕಾರು!" ಹೋಗಿ ನೋಡಿದರೆ ಅದು ಯಾರದೋ ಜೀಪಿನ ಚಕ್ರದ ಗುರುತು. ಕರೆಂಟಿನ ಕಂಬದ ನೆರಳನ್ನು ಹಳ್ಳವೆಂದುಕೊಂಡು ನಲವತ್ತು ಕಿಲೋಮೀಟರು ಹೋಗಿದ್ದೂ ಉಂಟು. ನಾವು ಹೋಗುವಷ್ಟರಲ್ಲಿ ಹೊತ್ತೇರಿ ಆ ಹಳ್ಳ ಪಕ್ಕಕ್ಕೆ ಸರಿದಿತ್ತು.

ಜಹ್ರಾ ದಾಟಿ ಮುಂದೆ ಹೋದಾಗ ಒಮ್ಮೆ ಒಂಟೆ ಕಾಯುವವನೊಬ್ಬ ಸಿಕ್ಕಿದ. ಭಾವ ಕಾರಿನಿಂದಿಳಿದು, ತಮಗೆ ಬರುವ ನಾಲ್ಕು ಅರಬ್ಬಿ ಪದಗಳನ್ನು ಒಟ್ಟುಮಾಡಿ, ಎರಡೂ ಕೈಯಿಂದ ಹರಿಯುವ ಅಭಿನಯ ಮಾಡುತ್ತಾ ನೀರೆಲ್ಲಿದೆ ಎಂದು ಕೇಳಿದರು. ಅವನು ಭಾವನನ್ನು ಮೇಲಿಂದ ಕೆಳಗೆ ನೋಡಿ, ಗಮ್‌ಬೂಟನ್ನು ಇನ್ನೊಮ್ಮೆ ನೋಡಿ, ತನ್ನ ಚೀಲದಿಂದ ಒಂದು ಬಾಟಲಿ ನೀರು ತೆಗೆದು ಕೊಟ್ಟ. ಮುಂದಿನ ಶುಕ್ರವಾರ ನಮ್ಮ ಕಾರು ದೂರದಲ್ಲಿ ಕಂಡಾಗಲೇ ಅವನು ಎರಡು ಬಾಟಲಿ ಹಿಡಿದುಕೊಂಡು ಓಡಿಬಂದ!

ಹೀಗೆ ಜನವರಿ ಕಳೆಯಿತು. ಅಕ್ಕ ಯಾತ್ರೆಗೆ ಬರುವುದನ್ನು ಬಿಟ್ಟಳು. ಪೂರ್ವಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಅಪ್ಪನನ್ನು ಒಬ್ಬನನ್ನೇ ಬಿಟ್ಟರೆ ಮರಳಿನಲ್ಲಿ ಕಳೆದುಹೋಗುತ್ತಾನೆಂದು ಅವಳಿಗೆ ಭಯ. ಭಾವ ಮಾತ್ರ ಅಲುಗಾಡಲಿಲ್ಲ. ವಕೀಲರಿಂದ ಒಂದು ಅಫಿಡವಿಟ್ ಬೇರೆ ಮಾಡಿಸಿದ್ದರು: ನನ್ನ ಮಗಳ ಸರ್‌ನೇಮು ಇನ್ನು ಮುಂದೆ ಹೀಗಿರತಕ್ಕದ್ದು, ಚುಕ್ಕಿ ಚುಕ್ಕಿ ಚುಕ್ಕಿ. ಆ ಚುಕ್ಕಿಗಳ ಮೇಲೆ ಹಳ್ಳದ ಹೆಸರು ಬರೆಯುವುದೊಂದೇ ಬಾಕಿ.

ಅಪಾಯಿಂಟ್‌ಮೆಂಟಿಗೆ ನಾಲ್ಕೇ ದಿನ ಉಳಿದಿದ್ದ ಶುಕ್ರವಾರ. ಜಹ್ರಾದ ಹೊರಗೆ, ತೋಟಗಳ ಕಾಂಪೌಂಡು ಗೋಡೆಗಳ ಹಿಂದೆ, ಕಾರು ತಟ್ಟನೆ ನಿಂತಿತು. ಭಾವ ಕೈ ತೋರಿಸಿದರು. ನಾನು ಕಣ್ಣುಜ್ಜಿಕೊಂಡು ನೋಡಿದೆ. ನೀರು! ಮರಳಿನ ನಡುವೆ ಒಂದು ಮೊಳ ಅಗಲಕ್ಕೆ, ಬಳುಕುತ್ತಾ, ಸಣ್ಣಗೆ ಸದ್ದು ಮಾಡುತ್ತಾ ಹರಿಯುತ್ತಿತ್ತು. ದಡದಲ್ಲಿ ನಾಲ್ಕು ಎಸಳು ಹಸಿರು ಹುಲ್ಲು. ಒಂದು ಹಕ್ಕಿ ಬೇರೆ ಕೂತು ನೀರು ಕುಡಿಯುತ್ತಿತ್ತು.

ಭಾವ ಗಮ್‌ಬೂಟು ಕಳಚಿದರು. ಪ್ಯಾಂಟು ಮಡಿಸಿ ನೀರಿಗಿಳಿದರು. "ನೋಡಿದ್ಯಾ? ನೋಡಿದ್ಯಾ ಪೂರ್ವಿ? ಇದು ನಿಂದು!" ಎಂದು ಕೂಗಿದರು. ಪೂರ್ವಿಯೂ ಶೂ ಬಿಚ್ಚಿ ಇಳಿದಳು. ಅಪ್ಪ ಮಗಳು ಒಬ್ಬರ ಮೇಲೊಬ್ಬರು ನೀರು ಎರಚಿದರು. ಇಷ್ಟು ದಿನ ಗೇಲಿ ಮಾಡಿದ್ದ ನಾನೂ ಸೀರೆ ಎತ್ತಿ ಸೊಂಟಕ್ಕೆ ಸಿಗಿಸಿ ಕಾಲು ಇಳಿಬಿಟ್ಟೆ. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು. ದಡದಲ್ಲಿ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ತೆರೆದೆವು. ಹಳ್ಳಕ್ಕೆ ಏನು ಹೆಸರಿಡಬೇಕು ಎಂಬ ಚರ್ಚೆ ಶುರುವಾಯಿತು. ಭಾವ ಎರಡನೇ ತುತ್ತು ಬಾಯಿಗಿಟ್ಟಿದ್ದರು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಆಫೀಸಿನ ಸೂಪರ್‌ವೈಸರು. "ಪುಟ್ಟಸ್ವಾಮಿ ಭಾಯಿ, ಜಹ್ರಾ ಲೈನ್ ಮೇ ಪ್ರೆಶರ್ ಗಿರ್ ಗಯಾ. ಅಪನಾ ಹೀ ವಾಲ್ವ್ ಹೈ. ಲೊಕೇಶನ್ ಭೇಜಾ ಹೈ, ಚಲೋ ಜಲ್ದೀ!"

ತೋಟಗಳಿಗೆ ನೀರು ಹೋಗುವ ಪೈಪಿನಲ್ಲಿ ಒತ್ತಡ ಇಳಿದಿದೆ, ಭಾವನ ಕಂಪನಿಯವರೇ ಕೂಡಿಸಿದ ವಾಲ್ವು ಎಲ್ಲೋ ಸೋರುತ್ತಿದೆ. ಭಾವ ಫೋನಿಗೆ ಬಂದ ಲೊಕೇಶನ್ ಒತ್ತಿದರು. ನಕ್ಷೆ ತೆರೆದುಕೊಂಡಿತು. ನಾವಿರುವ ನೀಲಿ ಚುಕ್ಕೆ ಒಂದು ಕಡೆ, ಹೋಗಬೇಕಾದ ಕೆಂಪು ಗುರುತು ಒಂದು ಕಡೆ ಇರಬೇಕಲ್ಲ? ಎರಡೂ ಒಂದರ ಮೇಲೊಂದು ಕೂತಿದ್ದವು!

ಭಾವ ಚಿತ್ರಾನ್ನದ ಡಬ್ಬಿಗೆ ಮುಚ್ಚಳ ಹಾಕಿದರು. ಕಾರಿನ ಡಿಕ್ಕಿಯಿಂದ ಸ್ಪ್ಯಾನರು ತೆಗೆದರು. ಗೋ‌ಡೆಯ ಪಕ್ಕದ ಹಳ್ಳದ 'ಉಗಮಸ್ಥಾನ'ಕ್ಕೆ ಹೋಗಿ, ಮರಳು ಬಗೆದು, ಮಂಡಿಯೂರಿ ಕೂತು, ಅರ್ಧ ಗಂಟೆ ಒದ್ದಾಡಿ ವಾಲ್ವು ಬಿಗಿದರು. ನಾವು ನೋಡುತ್ತಿದ್ದ ಹಾಗೆಯೇ ನೀರು ಸಣ್ಣಗಾಯಿತು, ಎಳೆಯಾಯಿತು, ನಿಂತಿತು. ಮೂರು ತಿಂಗಳು ಹುಡುಕಿದ ಹಳ್ಳವನ್ನು ಮನುಷ್ಯ ತನ್ನ ಕೈಯಾರೆ ನಿಲ್ಲಿಸಿಬಂದ.

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವ ನಗಲಿಲ್ಲ. ಕೆಸರಾದ ಪ್ಯಾಂಟಿನಲ್ಲೇ ಬಂದು ಕಾರಿನ ಬಾನೆಟ್ಟಿಗೆ ಒರಗಿ ನಿಂತರು. ಪೂರ್ವಿ ಸ್ವಲ್ಪ ದೂರದಲ್ಲಿ ಚಾಪೆ ಮಡಿಸುತ್ತಿದ್ದಳು.

"ಸಾಕು ಮಾಡಿ ಭಾವ," ಎಂದೆ, ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತಾ. "ಒಂದು ಹೆಸರಿಗೋಸ್ಕರ ಯಾಕಿಷ್ಟು ಹಠ?"

ಅವರು ಸ್ಪ್ಯಾನರಿಗೆ ಮೆತ್ತಿದ್ದ ಮರಳನ್ನು ಬೆರಳಿನಿಂದ ತೆಗೆಯುತ್ತಾ ಹೇಳಿದರು:

"ಇವಳು ಎರಡನೇ ಕ್ಲಾಸಲ್ಲಿದ್ದಾಗ ಶಾಲೇಲಿ ಏನೋ ಕಾರ್ಯಕ್ರಮ. ಗೋಡೆ ತುಂಬ ಪ್ರಪಂಚದ ಮ್ಯಾಪು. ಮಕ್ಕಳೆಲ್ಲ ತಂತಮ್ಮ ಊರಿಗೆ ಒಂದೊಂದು ಪಿನ್ನು ಚುಚ್ಚಬೇಕು. ಇವಳು ಓಡಿಹೋಗಿ ಕುವೈತಿಗೆ ಚುಚ್ಚಿದ್ಲು. ಟೀಚರು ಪ್ರೀತಿಯಿಂದಾನೇ ಹೇಳಿದ್ರು ಕಣಮ್ಮ, 'ಇಲ್ಲಲ್ಲ ಪುಟ್ಟಿ, ನಿನ್ನ ನಿಜವಾದ ಊರಿಗೆ' ಅಂತ. ಪಿನ್ನು ಕಿತ್ತು ಇಂಡಿಯಾದ ಹತ್ರ ಹಿಡ್ಕೊಂಡು, 'ಇಲ್ಲಿ ಎಲ್ಲಿ?' ಅಂದ್ರು. ಇವಳು ತಿರುಗಿ ನನ್ನ ಮುಖ ನೋಡಿದ್ಲು. ಹನ್ನೊಂದು ತೂಬಲ್ಲಿ ನಾನು ಯಾವುದು ಅಂತ ಹೇಳ್ಲಿ? 'ಎಲ್ಲಾದ್ರೂ ಚುಚ್ಚಿ ಮೇಡಂ' ಅಂದ್ಬಿಟ್ಟೆ. ಅಷ್ಟು ದೊಡ್ಡ ದೇಶದಲ್ಲಿ ಎಲ್ಲೋ ಒಂದು ಕಡೆ ಚುಚ್ಚಿದ್ರು. ಇನ್ನಾರು ತಿಂಗಳಿಗೆ ಅವಳ ಇಕಾಮಾ, ಇಲ್ಲಿ ಇರೋಕೆ ಕೊಟ್ಟಿರೋ ಪರವಾನಗಿ, ಮುಗಿಯುತ್ತೆ. ಆಮೇಲೆ ಇಲ್ಲಿಗೂ ಅವಳು ನೆಂಟಳೇ. ಒಂದು ಜಾಗ ಕೊಟ್ಟು ಕಳಿಸ್ಬೇಕು ಅನ್ಕೊಂಡಿದ್ದೆ."

ನನ್ನ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮೂರು ತಿಂಗಳು ನಾನು ಕಂಡಕಂಡವರಿಗೆಲ್ಲ ಈ ಕಥೆ ಹೇಳಿ ನಗಿಸಿದ್ದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು. ತಿರುಗಿ ನೋಡಿದರೆ ಪೂರ್ವಿ ಮಡಿಸಿದ ಚಾಪೆಯನ್ನು ಅಪ್ಪಿಕೊಂಡು ನಿಂತಿದ್ದಳು. ಇಯರ್‌ಫೋನು ಕಿವಿಯಲ್ಲಿರಲಿಲ್ಲ. ಹೋಗಿ ಕಾರಿನಲ್ಲಿ ಕೂತಳು.

ಮಂಗಳವಾರ ಅಕ್ಕನಿಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ, ಜೊತೆಗೆ ನಾನು ಹೋದೆ. ಪಾಸ್‌ಪೋರ್ಟ್ ಕೇಂದ್ರದಲ್ಲಿ ಟೋಕನ್ ತೆಗೆದುಕೊಂಡು ಕೂತೆವು. ಭಾವನ ಫೈಲಿನಲ್ಲಿ ಎಲ್ಲ ಕಾಗದಗಳೂ ಇದ್ದವು. ಅಫಿಡವಿಟ್ಟಿನ ಚುಕ್ಕಿಗಳು ಹಾಗೇ ಇದ್ದವು. ಮನುಷ್ಯ ಇನ್ನೂ ಸೋತಿರಲಿಲ್ಲ, ಫೋನಿನಲ್ಲಿ ನಕ್ಷೆಯನ್ನು ದೊಡ್ಡದು ಮಾಡಿ ಚಿಕ್ಕದು ಮಾಡಿ ನೋಡುತ್ತಲೇ ಇದ್ದರು. "ಇರು, ಇನ್ನೂ ಹದಿನೈದು ಟೋಕನ್ ಇದೆ," ಎಂದರು.

ಪೂರ್ವಿ ಅವರ ತೊಡೆಯ ಮೇಲಿದ್ದ ಫೈಲನ್ನು ಎತ್ತಿಕೊಂಡಳು. ಫಾರ್ಮನ್ನು ಹೊರತೆಗೆದು, ನನ್ನ ಬ್ಯಾಗಿನಿಂದ ಪೆನ್ನು ತೆಗೆದುಕೊಂಡು, ಸರ್‌ನೇಮಿನ ಮುಂದಿದ್ದ ಚೌಕಗಳಲ್ಲಿ ಒಂದೊಂದೇ ಅಕ್ಷರ ಬರೆಯತೊಡಗಿದಳು. ಭಾವ ಬಗ್ಗಿ ನೋಡಿದರು.

"ಲೇ, ಅದು ನನ್ನ ಸ್ವಂತ ಹೆಸರು!"

"ಐ ನೋ ಅಪ್ಪ."

"ಬೇಡ ಅಂತ ಹೇಳಿದ್ನಲ್ಲ! ಅದು ಜಾಗ ಅಲ್ಲ ಕಣೇ, ಬರೀ ಹೆಸರು..."

ಪೂರ್ವಿ ಬರೆಯುವುದನ್ನು ನಿಲ್ಲಿಸಲಿಲ್ಲ. "ಬ್ರೂಕ್ಸ್ ಅಂಕಲ್ ರೂಲ್ ಏನು? ಯಾವುದರ ಪಕ್ಕ ಮನೇನೋ ಅದರ ನೇಮ್. ರೈಟ್? ನಾವು ಫೋರ್ ಫ್ಲ್ಯಾಟ್ಸ್ ಚೇಂಜ್ ಮಾಡಿದ್ವಿ. ಒಂದರಲ್ಲಿ ಕಿಟಕಿಯಿಂದ ಸೀ ಕಾಣ್ತಿತ್ತು. ಒಂದರಲ್ಲಿ ಪೆಟ್ರೋಲ್ ಪಂಪ್. ಇನ್ನೆರಡು ನಂಗೆ ಸರಿಯಾಗಿ ನೆನಪೇ ಇಲ್ಲ. ಬಟ್ ಎಲ್ಲಾ ಫ್ಲ್ಯಾಟಲ್ಲೂ ಪಕ್ಕದ ರೂಮಲ್ಲಿ ನೀನಿದ್ದೆ ಅಪ್ಪ."

"ನಿಮ್ಮಮ್ಮ ಇರ್ಲಿಲ್ವೇನೇ?" ಎಂದೆ ನಾನು. ಏನಾದರೂ ಹೇಳದಿದ್ದರೆ ಅತ್ತುಬಿಡುತ್ತೇನೆ ಎನ್ನಿಸಿತ್ತು.

"ಅಮ್ಮನ ಪರ್ಮಿಷನ್ ತಗೊಂಡೇ ಬಂದಿದೀನಿ ಚಿಕ್ಕಮ್ಮ," ಎಂದಳು.

ನಮ್ಮ ನಂಬರು ಕೂಗಿದರು. ಭಾವ ಎದ್ದರು, ಕೌಂಟರಿನವರೆಗೆ ನಡೆದರು, ಮಗಳ ಪಕ್ಕದಲ್ಲಿ ನಿಂತರು. ಕೌಂಟರಿನ ಹುಡುಗಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಒಂದು ಹಾಳೆ ಮುದ್ರಿಸಿ, ಭಾವನ ಮುಂದಿಟ್ಟಳು. "ಸರ್, ಮಗಳ ಸರ್‌ನೇಮ್ ಸ್ಪೆಲಿಂಗ್ ಸರಿ ಇದೆಯಾ ಒಮ್ಮೆ ನೋಡಿಬಿಡಿ. ಆಮೇಲೆ ಬದಲಾಯಿಸೋಕೆ ಆಗಲ್ಲ."

ಭಾವ ಹಾಳೆಯನ್ನು ಕೈಗೆತ್ತಿಕೊಂಡರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಹಾಳೆಯನ್ನು ನನ್ನ ಕಡೆ ಚಾಚಿ, "ನಂಗೆ ಕಾಣಿಸ್ತಿಲ್ಲ. ನೀನೇ ಒಂದ್ಸಲ ನೋಡಮ್ಮ," ಎಂದರು.

ನಾನು ಹಾಳೆಯನ್ನು ಮುಖದ ಹತ್ತಿರ ಹಿಡಿದುಕೊಂಡು ಎಲ್ಲ ಸರಿಯಾಗಿದೆ ಎಂದುಬಿಟ್ಟೆ. ನನಗೂ ಒಂದಕ್ಷರ ಕಾಣಿಸುತ್ತಿರಲಿಲ್ಲ.